ರಾಕ್ ಗಾಯಕರಿಗೆ ಚಿಕ್ಕಮ್ಮನ ಚೀಟಿ

ಚಿಕ್ಕಮ್ಮ ಕೈಚೀಲದಿಂದ ಪೆನ್ನು ತೆಗೆದು, ತರಕಾರಿ ಪಟ್ಟಿಯ ಹಿಂಬದಿಗೆ ಒಂದು ಇಂಗ್ಲಿಷ್ ಹಾಡಿನ ಹೆಸರು ಬರೆದಾಗ ನಾನು ಅವರ ಮೊಣಕೈ ಜಗ್ಗಿದೆ. ಹುಣಸಮಾರನಹಳ್ಳಿಯ ಬಯಲಿನಲ್ಲಿ, ಬೆಂಗಳೂರಿನವರೇ ಆದ, ಎಪ್ಪತ್ತು ದಾಟಿದ ರಾಕ್ ಗಾಯಕರೊಬ್ಬರ ಕಾರ್ಯಕ್ರಮ ನಡೆದಿತ್ತು.

"ಇದು ಗಣೇಶನ ಹಬ್ಬದ ಆರ್ಕೆಸ್ಟ್ರಾ ಅಲ್ಲ ಚಿಕ್ಕಮ್ಮಾ. ಇಲ್ಲೆಲ್ಲ ಚೀಟಿ ಕೊಡಲ್ಲ" ಎಂದೆ.

"ಸುಮ್ನಿರೇ. ಹುಡುಗಿಯಾಗಿದ್ದಾಗ ಇವ್ರ ಈ ಹಾಡನ್ನ ಕಾಲೇಜು ಕಾಂಪೌಂಡಿನ ಆಚೆ ನಿಂತು ಕೇಳಿದ್ದೆ, ಅಪ್ಪ ಒಳಗೆ ಹೋಗೋಕೆ ಬಿಡ್ಲಿಲ್ಲ. ಒಂದ್ಸಲ ಎದುರಿಗೆ ಕೂತು ಕೇಳ್ಬೇಕು" ಎಂದವರೇ ಚೀಟಿಯನ್ನು ಮುಂದಿನ ಸಾಲಿಗೆ ದಾಟಿಸಿಬಿಟ್ಟರು.

ಅದು ಕೈಯಿಂದ ಕೈಗೆ ಹೋಗಿ ವೇದಿಕೆ ತಲುಪಿತು. ಗಾಯಕರು ಕನ್ನಡಕ ಹಾಕಿಕೊಂಡು ಓದಿ ನಕ್ಕರು. "ನಾನು ಗಿಟಾರ್ ಹಿಡಿದಿದ್ದೇ ಗಣೇಶನ ಪೆಂಡಾಲಲ್ಲಿ ಕಣ್ರೀ. ಚೀಟಿ ಬಂದ್ಮೇಲೆ ಹಾಡ್ದೆ ಇರೋಕಾಗಲ್ಲ. ಆದ್ರೆ ಇದ್ರಲ್ಲಿ ಆ ಮೇಲಿನ ಸ್ವರ ಈಗ ನಂಗೆ ಸಿಗಲ್ಲ. ಚೀಟಿ ಬರೆದೋರೇ ಅದನ್ನ ಹಾಡ್ಕೊಡ್ಬೇಕು."

ಮೆಲ್ಲಗೆ ಶುರು ಮಾಡಿದರು. ಆ ಜಾಗ ಬಂದಾಗ ಅವರ ದನಿ ನಿಂತು ಗಿಟಾರ್ ಮಾತ್ರ ಉಳಿಯಿತು. ನನ್ನ ಪಕ್ಕದಲ್ಲಿ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದು, ಆ ಇಂಗ್ಲಿಷ್ ಸಾಲನ್ನು ದೇವರನಾಮದ ಗಮಕ ಸೇರಿಸಿ ಗಟ್ಟಿಯಾಗಿ ಹಾಡಿದರು. ಮುಂದಿನ ಸಾಲಿನವನೊಬ್ಬ ತಿರುಗಿ ನೋಡಿ, "ಆಂಟಿ ಸಖತ್ ಗುರು" ಎಂದು ಗೆಳೆಯನಿಗೆ ಹೇಳಿದ. ಗಾಯಕರ ಗಿಟಾರ್ ಆ ಗಮಕದ ಬೆನ್ನುಹಿಡಿದೇ ಹಾಡು ಮುಗಿಸಿತು.

ನನ್ನನ್ನು ಎತ್ತಿ ಆಡಿಸಿದವರು ಚಿಕ್ಕಮ್ಮ. ಅವರ ಕೈಅಡುಗೆ, ಅವರ ಬೈಗುಳ ಎಲ್ಲವೂ ನನಗೆ ಬಾಯಿಪಾಠ. ಅವರಿಗೆ ಇಂಥದೊಂದು ಕಂಠವಿದೆ ಎಂಬುದು ಮಾತ್ರ ಅಂದೇ ತಿಳಿದದ್ದು. ಈಗ ಅವರು ಅಡುಗೆಮನೆಯಲ್ಲಿ ಗುನುಗಿದರೂ ನಾನು ಟಿ.ವಿ. ಸದ್ದು ಅಡಗಿಸಿ ಕಿವಿಗೊಡುತ್ತೇನೆ.