ಅಕ್ಕೋರು ಬಳಿದ ಗೋಡೆ

ಸುರಪುರದ ಹಳೇ ಕೋಟೆ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮಾನಮ್ಮ ಆಗಲೇ ಸುಣ್ಣದ ಗಡಿಗೆಗೆ ನೀಲಿ ಬೆರೆಸಿ, ಪುಂಡಿನಾರಿನ ಕುಂಚ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಸೆರಗು ಸಿಕ್ಕಿಸಿ, ಇನ್ನೊಂದು ಕುಂಚ ಹಿಡಿದು ಕಕ್ಕಾಬಿಕ್ಕಿಯಾಗಿರುವವರು ರತ್ನಾಬಾಯಿ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕಿ.

"ಹಚ್ರಿ ಅಕ್ಕೋರ, ಗ್ವಾಡಿ ಏನ್ ಕಡಿಯಂಗಿಲ್ಲ!"

ಮಾನಮ್ಮನ ಕಸುಬು ಸುಣ್ಣ ಬಳಿಯುವುದು. ಗಂಡ ಹೋದ ಮೇಲೆ ಹಿಡಿದ ಕುಂಚ. ಅಂಗೈ ಸುಣ್ಣ ತಿಂದು ಬಿರಿದಿದೆ. ಆದರೆ ಕನ್ನಡ ರಾಜ್ಯ ಒಂದಾದ ಮೇಲೆ ಹೊರಗಿನಿಂದ ಬರುವ ಮಾಸ್ತರರು, ಗುಮಾಸ್ತರು ಬಾಡಿಗೆ ಕೋಣೆಗೆ ಹುಡುಕಿಕೊಂಡು ಬರುವುದು ಇವಳನ್ನೇ. ಯಾವ ವಾಡೆಯಲ್ಲಿ ಯಾವ ಕೋಣೆ ಖಾಲಿ, ಯಾವುದು ಸೋರುತ್ತದೆ, ಎಲ್ಲ ಗೊತ್ತು. ದಲ್ಲಾಳಿ ಕಾಸು ಮುಟ್ಟುವುದಿಲ್ಲ.

ಸರ್ಕಾರಿ ಪಗಾರದವರನ್ನು ಕಂಡೊಡನೆ ನಮ್ಮೂರ ಮಾಲೀಕರ ಬಾಡಿಗೆ ಎಗರುತ್ತದೆ, ನಾಚಿಕೆಗೇಡು! ಅದಕ್ಕೆ ಮಾನಮ್ಮನ ಮದ್ದು ಒಂದೇ: ಬಂದವರ ಕೈಯಿಂದಲೇ ಒಂದು ಗೋಡೆ ಬಳಿಸುವುದು. ಹಿಂದೆ ಹೀಗೇ ವರ್ಗವಾಗಿ ಬಂದು ಇಲ್ಲೇ ಉಳಿದ ನನ್ನಿಂದಲೂ ಬಳಿಸಿದ್ದಾಳೆ. "ಸುಣ್ಣ ಹಚ್ಚಿದವ್ರು ಮನಿಯವ್ರಂಗ ಆಗ್ತಾರ್ರಿ. ಅವ್ರಿಗೆ ಹ್ಯಾಂಗ್ ಜಾಸ್ತಿ ಬಾಡಿಗಿ ಕೇಳ್ತಾರ?"

ಈ ಸಲ ಕೆಲಸ ಕಷ್ಟದ್ದು. ಒಂಟಿ ಹೆಣ್ಣಿಗೆ ಕೋಣೆ ಕೊಡಲು ಓಣಿಯಲ್ಲಿ ಯಾರೂ ಒಪ್ಪಿಲ್ಲ; ಕೇಳದೆ ಉಳಿದಿರುವುದು ಈ ಮನೆಯೊಂದೇ. ಇವತ್ತು ಸಿಗದಿದ್ದರೆ ರತ್ನಾಬಾಯಿ ಸಂಜೆ ಬಸ್ಸಿಗೆ ವಾಪಸು, ಬೇರೆ ಶಿಕ್ಷಕಿಯಿಲ್ಲದ ಹೆಣ್ಣುಮಕ್ಕಳ ಶಾಲೆಗೆ ಬೀಗ. ಮಾನಮ್ಮನ ಮೊಮ್ಮಗಳು ಓದುವುದೂ ಅಲ್ಲೇ.

ಮನೆಯೊಡತಿ ಗುರುಲಿಂಗಮ್ಮ ಹೊರಗೆ ಬರುತ್ತಾರೆ. ಹಬ್ಬದ ಸುಣ್ಣಕ್ಕೆ ಕರೆದದ್ದು ಒಬ್ಬಳನ್ನು, ಬಂದಿರುವವರು ಇಬ್ಬರು. ಗೋಡೆಯ ಸುಣ್ಣವಂತೂ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಪಟ್ಟೆಯೆಲ್ಲ ಸೊಟ್ಟ.

"ಅಯ್ಯ ಶಿವನ! ಯಾರ್ ಹಚ್ಯಾರ ಇದನ್ನ?"

"ನಾನ್ರಿ," ಎನ್ನುತ್ತಾರೆ ರತ್ನಾಬಾಯಿ. ಮುಖದ ತುಂಬ ಸುಣ್ಣದ ಹನಿ.

"ಅಕ್ಕೋರಿಗೆ ಇರಾಕ ಖೋಲಿ ಬೇಕ್ರಿ ಅವ್ವಾರ. ಒಬ್ರೇ ಅದಾರ," ಮಾನಮ್ಮ ನೇರವಾಗಿ ಹೇಳುತ್ತಾಳೆ. "ಒಬ್ರೇ ಅಂತ ಕಳಿಸಿಬಿಟ್ರ ನಮ್ ಹುಡುಗ್ಯಾರಿಗೆ ಯಾರ್ ಕಲಸ್ತಾರ?"

ಗುರುಲಿಂಗಮ್ಮ ಗೋಡೆ ನೋಡುತ್ತಾರೆ, ಆ ಮುಖ ನೋಡುತ್ತಾರೆ, ನಕ್ಕುಬಿಡುತ್ತಾರೆ. "ಮೊದ್ಲ ಮಾರಿ ತೊಳ್ಕೊಂಡು ಚಾ ಕುಡಿ ಬಾ ಯವ್ವಾ. ಬಾಡಿಗಿ ಹಿಂದಿನವ್ರು ಕೊಡ್ತಿದ್ದಷ್ಟೇ ಕೊಡು."

ಅಬ್ಬಾ, ಓಣಿಯಲ್ಲಿ ನಿಂತು ನೋಡುತ್ತಿರುವ ನನಗೇ ಉಸಿರು ಬಂದಂತಾಗುತ್ತದೆ.

ಮಾನಮ್ಮ ಉಳಿದ ಗೋಡೆಗಳನ್ನು ಮುಗಿಸುತ್ತಾಳೆ. ಸೊಟ್ಟ ಗೋಡೆಯನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನೂ ಸರಿ ಮಾಡಬಾರದೇ ಎಂದರೆ ನನ್ನನ್ನೇ ಗದರುತ್ತಾಳೆ.

"ಬ್ಯಾಡ್ರಿ. ಮುಂದಿನ ವರ್ಷ ಅಕ್ಕೋರೇ ನೆಟ್ಟಗ ಹಚ್ಲಿ. ಅಲ್ಲೀತನ ಇಲ್ಲೇ ಇರಬೇಕಲ್ಲ ಅವ್ರು!"