ಹಿಂದಿನ ಸೀಟಿನ ತೂಕ

ಥೋರಾ ಲುಂಡ್ ಮೂವತ್ತೊಂದು ವರ್ಷ ಅಲಾಸ್ಕಾದ ವಿಲೋ ಊರಿನಲ್ಲಿ ಶಾಲೆಯ ಬಸ್ಸು ಓಡಿಸಿದಳು. ಮಂಜುಗಡ್ಡೆಯ ಮೇಲೂ ಬಸ್ಸು ಜಾರಿಸದವಳು ಎಂದು ಹೆಸರಿತ್ತು. ಹೆಚ್ಚು ಮಾತಾಡದವಳು ಎಂದೂ ಹೆಸರಿತ್ತು. ವಿಮಾನದ ಹುಚ್ಚು ಅವಳದಲ್ಲ, ಗಂಡ ಎಲ್‌ವುಡ್‌ನದು. ಒಂದು ಪುಟ್ಟ ವಿಮಾನ ಕೊಳ್ಳಬೇಕು, ರಸ್ತೆಯೇ ಹೋಗದ ಕಡೆ ನದಿಯ ಗರಸು ದಿಣ್ಣೆಯ ಮೇಲೆ ಇಳಿಯಬೇಕು, ಇಬ್ಬರೂ ಕೂತು ಸಾಲ್ಮನ್ ಮೀನು ಸುಟ್ಟು ತಿನ್ನಬೇಕು ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದ. ಕೊಳ್ಳುವ ಕಾಲ ಬಂದಾಗ ಡಾಕ್ಟರು ಅವನ ಹೃದಯ ಪರೀಕ್ಷಿಸಿ, ವಿಮಾನದಲ್ಲಿ ಕೂರಬಹುದು, ಓಡಿಸುವಂತಿಲ್ಲ ಎಂದುಬಿಟ್ಟರು. ಎಲ್‌ವುಡ್ ಎರಡು ವಾರ ಗ್ಯಾರೇಜಿನಿಂದ ಹೊರಗೆ ಬರಲಿಲ್ಲ. ಮೂರನೇ ವಾರ ಥೋರಾ ಹೋಗಿ ಹಾರಾಟ ಕಲಿಯಲು ಹೆಸರು ಬರೆಸಿದಳು. ಆಗ ಅವಳಿಗೆ ಐವತ್ತೆಂಟು.

ಲೈಸೆನ್ಸು ಬಂತು. ಮೆಕ್ಯಾನಿಕ್ ಡೆಲ್ಬರ್ಟ್‌ನ ಶೆಡ್ಡಿನಲ್ಲಿ ಎರಡು ವಿಮಾನ ಮಾರಾಟಕ್ಕಿದ್ದವು. ಎರಡೂ ತಗಡಿನ ಬದಲು ಮೈಗೆ ಬಟ್ಟೆ ಹೊದಿಸಿದ, ಒಬ್ಬರ ಹಿಂದೆ ಒಬ್ಬರು ಕೂರುವಂಥವು. ಕೆಂಪಿನದು ಹಗುರ, ಸಣ್ಣ ಎಂಜಿನ್ನು, ಆಗ ತಾನೇ ಬಣ್ಣ ಕಂಡದ್ದು. ಹಳದಿಯದಕ್ಕೆ ಮೈತುಂಬ ತೇಪೆ, ದೊಡ್ಡ ಎಂಜಿನ್ನು, ಬೆಲೆಯೂ ಹೆಚ್ಚು. ಎಲ್‌ವುಡ್ ಕೆಂಪಿನದನ್ನು ಮೂರು ಸುತ್ತು ಹಾಕಿ ಮನಸೋತ.

ಡೆಲ್ಬರ್ಟ್ ಪೆನ್ಸಿಲ್ ತೆಗೆದ. "ಕೆಂಪಿಂದು ಪೆಟ್ರೋಲೂ ಸೇರಿ ನಾನೂರು ಪೌಂಡ್ ಹೊರುತ್ತೆ. ಥೋರಾ, ನಿಂದೆಷ್ಟು?"

"ನೂರಾ ನಲವತ್ತು."

"ಎಲ್‌ವುಡ್, ನಿಂದು?"

"ಇನ್ನೂರು," ಎಂದ ಎಲ್‌ವುಡ್, ಕಣ್ಣು ಮಿಟುಕಿಸದೆ.

ಆ ಕಡೆಯ ಶೆಡ್ಡುಗಳಲ್ಲಿ ಒಂದು ರೂಢಿಯಿದೆ. ವಿಮಾನಕ್ಕೆ ಏರಿಸುವ ಮೂಟೆ ತೂಗುತ್ತಾರೆ, ಬೇಟೆಯ ಮಾಂಸ ತೂಗುತ್ತಾರೆ, ನಾಯಿಯನ್ನೂ ತೂಗುತ್ತಾರೆ. ಮನುಷ್ಯ ಮಾತ್ರ ಬಾಯಲ್ಲಿ ಹೇಳಿದಷ್ಟೇ ತೂಕ. ಕಾಫಿ ಕುಡಿಯುತ್ತ ಕೂತಿದ್ದ ಇಬ್ಬರು ಮುದುಕರು ಚಾವಣಿ ನೋಡಿದರು. ಡೆಲ್ಬರ್ಟ್ ಇನ್ನೂರು ಎಂದೇ ಬರೆದುಕೊಂಡ.

ಡಾಕ್ಟರ ಕೋಣೆಯಲ್ಲಿ ನರ್ಸ್ ಇನ್ನೂರ ಅರವತ್ತೆಂಟು ಎಂದು ಬರೆದಾಗ ಥೋರಾ ಅಲ್ಲೇ ಇದ್ದಳು. ತೂಕದ ಯಂತ್ರ ಕೆಟ್ಟಿದೆ ಎಂದಿದ್ದ ಎಲ್‌ವುಡ್. ಆ ತೂಕ ಹಿಡಿದರೆ ಕೆಂಪು ವಿಮಾನಕ್ಕೆ ಒಂದು ಹನಿ ಪೆಟ್ರೋಲು ಹಾಕದಿದ್ದರೂ ಭಾರ ಹೆಚ್ಚು. ದಿಣ್ಣೆಯ ಮೇಲೆ ಇಳಿಯುವುದು ದೊಡ್ಡದಲ್ಲ, ಅಷ್ಟು ಮೋಟು ಜಾಗದಿಂದ ಮತ್ತೆ ಏಳಬೇಕಲ್ಲ, ಎದುರಿಗೇ ನೀರು. ಹಾಗಂತ ಇಷ್ಟು ಜನರ ಮುಂದೆ ನಿಜ ಹೇಳಿದರೆ ಅವನು ಈ ಜನ್ಮದಲ್ಲಿ ಹಿಂದಿನ ಸೀಟು ಹತ್ತುವವನಲ್ಲ. ಅವನು ಹತ್ತದಿದ್ದರೆ ಅವಳಿಗೆ ವಿಮಾನವೇ ಬೇಡ.

"ಹಳದಿದು," ಎಂದಳು.

"ಯಾಕೆ?"

"ಬಣ್ಣ ಚೆನ್ನಾಗಿದೆ."

ಮುದುಕರಲ್ಲಿ ಒಬ್ಬನಿಗೆ ಕಾಫಿ ನೆತ್ತಿಗೇರಿತು. "ಬಣ್ಣ ನೋಡಿ ವಿಮಾನ ತಗೊಳ್ತಾಳಂತಪ್ಪ! ಕಿಟಕಿ ಪರದೆ ಅನ್ಕೊಂಡ್ಯೇನೇ ತಾಯಿ?"

"ಬಸ್ಸೂ ಹಳದಿನೇ ಇತ್ತು. ಅಭ್ಯಾಸ."

"ಮೂವತ್ತು ವರ್ಷ ನಾನು ವಿಮಾನದ ಪುಸ್ತಕ ಓದ್ಕೊಂಡಿದ್ದು ಇದಕ್ಕೇನೇ?" ಎಂದ ಎಲ್‌ವುಡ್.

ಸುದ್ದಿ ಊರೆಲ್ಲ ಹರಡಿತು. ಲಿಪ್‌ಸ್ಟಿಕ್ಕಿಗೆ ಹೊಂದುತ್ತಾ ಎಂದು ಅಂಚೆ ಕಚೇರಿಯಲ್ಲಿ ಕೇಳಿದರು. ಥೋರಾಳಿಗೆ ಮೈ ಉರಿದುಹೋಯಿತು, ನುಂಗಿಕೊಂಡಳು. ಆ ಬೇಸಿಗೆ ವಿಲೋದಲ್ಲಿ ಲೆಕ್ಕ ಸರಿಯಾಗಿ ಮಾಡಿದವಳು ಅವಳೊಬ್ಬಳೇ, ದಡ್ಡಿ ಎನ್ನಿಸಿಕೊಂಡವಳೂ ಅವಳೇ.

ಜುಲೈಯಲ್ಲಿ ಇಬ್ಬರೂ ಹೊರಟರು. ಎಲ್‌ವುಡ್‌ನನ್ನು ಹಿಂದಿನ ಸೀಟಿಗೆ ಹತ್ತಿಸಲು ಡೆಲ್ಬರ್ಟ್ ಕೆಳಗಿನಿಂದ ಭುಜ ಕೊಟ್ಟು ತಳ್ಳಬೇಕಾಯಿತು. ದಿಣ್ಣೆಯ ಮೇಲೆ ಇಳಿದರು, ಮೀನು ಸುಟ್ಟು ತಿಂದರು. ವಾಪಸು ಹೊರಟಾಗ ವಿಮಾನ ದಿಣ್ಣೆ ಅರ್ಧ ಮುಗಿಯುವ ಮೊದಲೇ ಮೇಲೆದ್ದಿತು. ಇದಕ್ಕೆ ಕೆಂಪಿನದೇ ಸಾಕಿತ್ತು ಎಂದ ಎಲ್‌ವುಡ್. ಆಮೇಲೆ ನಕ್ಷೆ ನೋಡೋಣವೆಂದು ಮುಂದಿನ ಸೀಟಿನ ಬೆನ್ನಿನ ಜೇಬಿಗೆ ಕೈ ಹಾಕಿದ. ಸಿಕ್ಕಿದ್ದು ಹೆಂಡತಿಯ ಕೈಬರಹದ ಚೀಟಿ. ತಾರೀಕು ವಿಮಾನ ಕೊಂಡ ದಿನದ್ದೇ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಳದಿ. ಎರಡರ ಕೆಳಗೂ 'ಹಿಂದಿನ ಸೀಟು: 268'. ಕೆಂಪಿನ ಮೇಲೆ ಗೀಟು ಎಳೆದಿತ್ತು.

ಎಲ್‌ವುಡ್ ಚೀಟಿ ಮಡಿಸಿ ಅದೇ ಜೇಬಿಗಿಟ್ಟ, ಹೆಡ್‌ಫೋನಿನ ಮೈಕು ಬಾಯಿಯ ಹತ್ತಿರ ಎಳೆದುಕೊಂಡ. ಮುಂದೆ ಕೂತವಳಿಗೆ ಹಿಂದಿನವನ ಮುಖ ಕಾಣುವುದಿಲ್ಲ.

"ಥೋರಾ."

"ಹೂಂ."

"ಇನ್ನೂರ ಎಪ್ಪತ್ತೊಂದು. ಮೊನ್ನೆ ತೂಗಿಸ್ಕೊಂಡೆ," ಎಂದ ಎಲ್‌ವುಡ್. "ಇವತ್ತಿನ ಮೀನು ಬಿಟ್ಟು."