ಇರ್ಲಿ ಮೇಡಂ ಮತ್ತು ಆಲೂಗೆಡ್ಡೆ ಆಟ

ಸ್ವರ್ಣಲತಾ ಮೇಡಂ ಮನೆಯ ಫ್ರಿಜ್ಜಿನಲ್ಲಿ ಯಾವಾಗ ನೋಡಿದರೂ ಕೊತ್ತಂಬರಿ ಸೊಪ್ಪಿನ ಮೂರು ಕಟ್ಟು ಇರುತ್ತವೆ. ಒಂದು ಹಸಿರು, ಒಂದು ಹಳದಿ, ಮೂರನೆಯದರ ಬಣ್ಣ ಇಂಥದ್ದೇ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಚನ್ನರಾಯಪಟ್ಟಣದ ಸಂತೆಯಲ್ಲಿ ಒಂದು ಕಟ್ಟು ಕೊಂಡು ಹೊರಟವರು ನಾಲ್ಕು ಹೆಜ್ಜೆ ಹೋಗಿ, "ಇರ್ಲಿ, ಇನ್ನೊಂದು ಕೊಡಿ" ಎಂದು ವಾಪಸ್ಸು ಬರುತ್ತಾರೆ. ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಸಾಮಾನು ಹುಟ್ಟಿದ ಜಾಗದಿಂದ ಬಳಸುವವರ ಕೈಗೆ ಸೇರುವವರೆಗೆ ದಾರಿಯಲ್ಲಿ ಏನೂ ಕೊಳೆಯಬಾರದು, ಪೋಲಾಗಬಾರದು, ಭೂಮಿಗೆ ಭಾರವಾಗಬಾರದು ಎಂದು ಪಾಠ ಹೇಳುವುದೇ ಮೇಡಂ ಅವರ ಕೆಲಸ. ಪುಸ್ತಕದಲ್ಲಿ ಇದರ ಹೆಸರು ಸುಸ್ಥಿರ ಪೂರೈಕೆ ಸರಪಳಿ ನಿರ್ವಹಣೆ. ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ ಹುಡುಗರಿಗೆ ಅರ್ಧ ಪಾಸಾದಷ್ಟು ಸಂತೋಷವಾಗುತ್ತದೆ.

"ಲೋಕಕ್ಕೆಲ್ಲ ಸಕುನ ಏಳೋ ಹಲ್ಲಿ ತಾನೇ ಬಾನಿಗೆ ಬಿತ್ತಂತೆ ಕಣವ್ವ" ಎಂದು ಅತ್ತೆ ಕಲ್ಲಮ್ಮ, ಆ ಮೂರನೆಯ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳುವುದುಂಟು. ಸೊಸೆ ನಗುತ್ತಾರೆ. ಇದು ಅವರಿಬ್ಬರ ನಡುವೆ ಹತ್ತು ವರ್ಷದಿಂದ ನಡೆದು ಬಂದ ಮಾತು.

ಮೇಡಂ ಹುಟ್ಟಿದ್ದು ನುಗ್ಗೇಹಳ್ಳಿಯಲ್ಲಿ, ತೆಂಗು ರಾಗಿ ನಂಬಿದ ಮನೆಯಲ್ಲಿ. ಓದಿನಲ್ಲಿ ಚುರುಕು. ಚುರುಕು ಎಂದರೆ, ಉರು ಹೊಡೆಯುವುದರಲ್ಲಿ ಚುರುಕು. ಹಾಸನದಲ್ಲಿ ಎಂ.ಕಾಂ. ಮಾಡುವಾಗ ಪುಟದ ಸಂಖ್ಯೆಯ ಸಮೇತ ಉತ್ತರ ಒಪ್ಪಿಸುತ್ತಿದ್ದರು. ಹೊಳೆನರಸೀಪುರದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಿಂದಿನ ಬೆಂಚಿನವನೊಬ್ಬ ಎದ್ದು, "ಅಂದ್ರೆ ಏನು ಮ್ಯಾಮ್?" ಎಂದ. ಮೇಡಂ ಅದೇ ವಾಕ್ಯವನ್ನು ಸ್ವಲ್ಪ ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಅವನು ಕೂತ. ಅವನಿಗೆ ಅರ್ಥವಾಗಲಿಲ್ಲ ಎನ್ನುವುದಕ್ಕಿಂತ, ತನಗೂ ಆಗಿರಲಿಲ್ಲ ಎಂಬ ನಾಚಿಕೆ ಮೇಡಂ ಅವರನ್ನು ಇವತ್ತಿಗೂ ಬಿಟ್ಟಿಲ್ಲ.

ಉರು ಹೊಡೆಯುವುದರಿಂದ ಬಿಡುಗಡೆ ಸಿಕ್ಕಿದ್ದು ಹಾಸನದ ಒಂದು ತರಬೇತಿಯಲ್ಲಿ. ಅಲ್ಲಿ ಮೇಷ್ಟರುಗಳನ್ನೆಲ್ಲ ಕಂಪ್ಯೂಟರ್ ಮುಂದೆ ಕೂರಿಸಿ ವ್ಯಾಪಾರದ ಆಟ ಆಡಿಸಿದರು. ಒಬ್ಬರು ಕಾರ್ಖಾನೆ, ಒಬ್ಬರು ಬಂದರು, ಒಬ್ಬರು ಅಂಗಡಿ. ಮೇಡಂ ಮೂರಾಬಟ್ಟೆಯಾಗಿ ಸೋತರು. ಆದರೆ ಉರು ಹೊಡೆದಿದ್ದ ಪಾಠವೆಲ್ಲ ಆ ಸೋಲಿನಲ್ಲಿ ಮೊದಲ ಸಲ ತಲೆಗೆ ಇಳಿಯಿತು. ಕಾಲೇಜಿಗೆ ಬಂದು ನೋಡಿದರೆ ಅಲ್ಲಿನ ಕಂಪ್ಯೂಟರುಗಳು ಆನ್ ಆಗುವುದರೊಳಗೆ ಪೀರಿಯಡ್ ಮುಗಿಯುತ್ತಿತ್ತು. ಮೇಡಂ ಎದೆಗುಂದಲಿಲ್ಲ. ಚೌಕಾಬಾರದ ಮನೆಯಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಾರ್ಖಾನೆಯ ಬದಲು ಮಲ್ಲಿಪಟ್ಟಣದ ರೈತನನ್ನು ಕೂರಿಸಿದರು. ಬಂದರಿನ ಜಾಗಕ್ಕೆ ಹಾಸನದ ಮಂಡಿ ಬಂತು. ಆಮೇಲೆ ಹೊಳೆನರಸೀಪುರದ ಸಗಟು ವ್ಯಾಪಾರಿ, ಕೊನೆಗೊಂದು ಚಿಲ್ಲರೆ ಅಂಗಡಿ. ಸಾಮಾನು ಆಲೂಗೆಡ್ಡೆ. ಮೂಟೆಗೊಂದು ಹುಣಸೆಬೀಜ.

ಆಟ ಸರಳ. ಅಂಗಡಿಯವರು ಎಷ್ಟು ಮೂಟೆ ಬೇಕೆಂದು ಚೀಟಿ ಬರೆದು ಸಗಟಿನವರಿಗೆ ಕೊಡಬೇಕು, ಅವರು ಮಂಡಿಗೆ, ಮಂಡಿಯವರು ರೈತರಿಗೆ. ಮಾಲು ಬರಲು ಎರಡು ಸುತ್ತು ಕಾಯಬೇಕು. ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಮಾರಾಟವಾಗದೆ ಕುಳಿತ ಬೀಜ ಕೊಳೆತಂತೆ ಲೆಕ್ಕ, ಅದು ಮೂಲೆಯಲ್ಲಿಟ್ಟ ಒಂದು ಹಳೇ ಬೋಗುಣಿಗೆ ಬೀಳಬೇಕು. ಗಿರಾಕಿ ಒಂದೆರಡು ಮೂಟೆ ಹೆಚ್ಚು ಕೇಳಿದರೆ ಸಾಕು, ಅಂಗಡಿಯವರು "ಇರ್ಲಿ" ಎಂದು ನಾಲ್ಕು ಹೆಚ್ಚು ಬರೆಯುತ್ತಾರೆ, ಸಗಟಿನವರು "ಇರ್ಲಿ" ಎಂದು ಎಂಟು, ರೈತನ ಹೊತ್ತಿಗೆ ಅದು ಒಂದು ಲಾರಿ. ಸ್ವಲ್ಪ ಹೊತ್ತಿಗೆ ಬೋಗುಣಿ ತುಂಬಿರುತ್ತದೆ. ಕೊಳೆತ ಆಲೂಗೆಡ್ಡೆಯ ವಾಸನೆ ಹೇಗಿರುತ್ತದೆಂದು ನಮ್ಮ ಸೀಮೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋಗುಣಿ ನೋಡಿಯೇ ಮೂಗು ಮುಚ್ಚಿಕೊಳ್ಳುತ್ತಿದ್ದರು. "ನೋಡ್ರೋ, ನಿಮ್ಮ ಇರ್ಲಿ ಎಲ್ಲಿಗೆ ಬಂದು ನಿಂತಿತು!" ಎಂದು ಮೇಡಂ ರೇಗಿಸುವರು. ಹುಡುಗರು ಅವರಿಗೇ ಇರ್ಲಿ ಮೇಡಂ ಎಂದು ಹೆಸರಿಟ್ಟರು.

ಆ ತರಗತಿಯಲ್ಲಿ ಮೇಘಶ್ರೀ ಎಂಬ ಹುಡುಗಿಯಿದ್ದಳು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವಳು. ಹಾಜರಿ ಕರೆದರೆ ಕೈ ಎತ್ತುವಳೇ ಹೊರತು ಬಾಯಿ ಬಿಡುವವಳಲ್ಲ. ಎಲ್ಲರೂ ಅವಳನ್ನು ರೈತರ ಗುಂಪಿಗೆ ತಳ್ಳಿದ್ದರು. ಒಂದು ದಿನ ಬೋಗುಣಿ ತುಂಬಿ, ಎಲ್ಲರೂ ರೈತರ ಗುಂಪನ್ನು ನೋಡಿ ನಗುತ್ತಿದ್ದಾಗ ಅವಳು ಎದ್ದು ನಿಂತಳು.

"ಮ್ಯಾಮ್, ನಾವ್ಯಾರೂ ಆಸೆಗೆ ಬರೀಲಿಲ್ಲ. ಎದ್ರಿ ಬರುದ್ವಿ. ಒಬ್ರತ್ರ ಎಷ್ಟದೆ ಅಂತ ಇನ್ನೊಬ್ರಿಗೆ ಕಾಣಾಕಿಲ್ಲ. ಕಂಡಿದ್ರೆ ಇಷ್ಟು ಬರೀತಿರ್ಲಿಲ್ಲ."

ಪುಸ್ತಕದ ಆರು ಪುಟ ಆ ನಾಲ್ಕು ಮಾತಿನಲ್ಲಿತ್ತು. ಮೇಡಂ ತಿರುಗಿ ಬೋರ್ಡ್ ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಕಣ್ಣು ಒರೆಸಿಕೊಳ್ಳುವುದಕ್ಕೆ ಬೇರೆ ನೆಪ ಸಿಕ್ಕಿರಲಿಲ್ಲ, ಅಷ್ಟೇ. ಅಂದಿನಿಂದ ಮೇಘಶ್ರೀ ಮಾತಾಡತೊಡಗಿದಳು.

ಅಷ್ಟರಲ್ಲಿ ಯಾರದೋ ತಂದೆ ಬಂದು, "ನನ್ನ ಮಗನ್ನ ಹುಣಸೆಬೀಜ ಆಡಾಕೆ ಕಳ್ಸಿದ್ದೀನಾ ಸಾ?" ಎಂದು ಪ್ರಿನ್ಸಿಪಾಲರ ಮುಂದೆ ಕೂಗಾಡಿ ಹೋದ. ಪ್ರಿನ್ಸಿಪಾಲ್ ನಟರಾಜ ಕೆಟ್ಟವರಲ್ಲ. ಆದರೆ ನೋಟ್ಸ್ ಬರೆಸುವಾಗ ಕಾರಿಡಾರಿನಲ್ಲಿ ಹರಡುವ ನಿಶ್ಶಬ್ದ ಅವರಿಗೆ ಬಲು ಇಷ್ಟ. ಮೇಡಂ ಅವರನ್ನು ಕರೆಸಿದರು.

"ಕಾಲೇಜ್ ಡೇ ಊಟದಲ್ಲಿ ಪ್ರತಿ ವರ್ಷ ಎಷ್ಟು ಚೆಲ್ತೀವಿ ನಿಮಗೂ ಗೊತ್ತು. ಈ ಸಲ ನಿಮ್ಮ ಹುಡುಗ್ರೇ ವಹಿಸ್ಕೊಳ್ಳಲಿ. ಒಂದು ಬಕೆಟ್ಟಿನೊಳಗೆ ಉಳೀತು ಅಂದ್ರೆ ಮುಂದಿನ ವರ್ಷವೂ ನಿಮ್ಮ ಆಟ ನಡೀಲಿ. ಹೆಚ್ಚಾಯ್ತು ಅಂದ್ರೆ ನೋಟ್ಸು."

ಹುಡುಗರು ಟೊಂಕ ಕಟ್ಟಿ ನಿಂತರು. ಮುಂದಾಳು ಮೇಘಶ್ರೀ. ತರಗತಿಗಳಿಗೆಲ್ಲ ಹೋಗಿ ಯಾರು ಬರುತ್ತಾರೆ, ಯಾರಿಗೆ ಮುದ್ದೆ ಬೇಕು, ಯಾರಿಗೆ ಬರೀ ಅನ್ನ ಎಂದು ಕೇಳಿಕೊಂಡು ಬಂದಳು. ರಾಗಿ ಅವಳ ಊರಿನದೇ, ತರಕಾರಿ ಹೊಳೆನರಸೀಪುರದ ಸಂತೆಯದು, ದೂರದ ಲಾರಿಯ ಹೊಗೆ ಬೇಡ. ಪ್ಲಾಸ್ಟಿಕ್ ತಟ್ಟೆಯ ಬದಲು ಮುತ್ತುಗದ ಎಲೆ. ಮುನ್ನೂರು ಜನಕ್ಕೆ ಅಡಿಗೆ ಎಂದು ಚಂದ್ರಯ್ಯನಿಗೆ ಹೇಳಿಬಂದರು. ಸುತ್ತಲಿನ ಬೀಗರೂಟಗಳಿಗೆಲ್ಲ ಅವನೇ ಅಡಿಗೆಯವನು. "ಇರ್ಲಿ ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು" ಎಂದು ಮೇಡಂ ಬೆರಳು ಎತ್ತಿ ಹೇಳಿದರು.

ಕಾಲೇಜ್ ಡೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಮೇಡಂ ಅವರಿಗೆ ಹೆದರಿಕೆ ಹತ್ತಿತು. ಮುದ್ದೆ ಮುಗಿದುಹೋದರೆ? ಕೊನೆಯ ಪಂಕ್ತಿಯಲ್ಲಿ ಕೂತ ಮಕ್ಕಳು ಬರೀ ಎಲೆ ನೋಡುತ್ತ ಕೂತರೆ? ನಮ್ಮ ಕಡೆ ಮದುವೆಯಲ್ಲಿ ಜಗಳವಾದರೂ ಜನ ಮರೆತಾರು. ಎಲೆಯ ಮುಂದೆ ಕೂತವರನ್ನು ಹಸಿದ ಹೊಟ್ಟೆಯಲ್ಲೇ ಎಬ್ಬಿಸಿದರು ಎಂಬ ಮಾತು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಮೇಡಂ ಸೆರಗಿನಲ್ಲಿ ಬಾಯಿ ಮರೆಮಾಡಿಕೊಂಡು ಚಂದ್ರಯ್ಯನಿಗೆ ಫೋನ್ ಮಾಡಿದರು.

"ಇರ್ಲಿ ಚಂದ್ರಯ್ಯ, ಇನ್ನೊಂದು ಇಪ್ಪತ್ತು ಜನಕ್ಕೆ ಜಾಸ್ತಿ ಮಾಡಿಬಿಡಿ. ಯಾರಿಗೂ ಹೇಳಬೇಡಿ."

"ಆಯ್ತು ಬುಡಿ ಮೇಡಮ್ಮೋರೆ, ನೀವೂ ಏಳಿದ್ರಿ" ಎಂದ ಚಂದ್ರಯ್ಯ. ಬಸ್ಸಿನ ಗದ್ದಲದಲ್ಲಿ ಆ "ನೀವೂ" ಎಂಬುದನ್ನು ಮೇಡಂ ಗಮನಿಸಲಿಲ್ಲ.

ಊಟ ಚೆನ್ನಾಗಿಯೇ ಆಯಿತು. ಹುರುಳಿಕಾಳಿನ ಸಾರಿಗೆ ಹುಡುಗರು ಮುದ್ದೆಯ ಮೇಲೆ ಮುದ್ದೆ ನುಂಗಿದರು. ಕೊನೆಯ ಪಂಕ್ತಿಯೂ ಎದ್ದು ಕೈ ತೊಳೆಯಿತು. ಮೇಡಂ ನಿಟ್ಟುಸಿರು ಬಿಟ್ಟು ಅಡಿಗೆಯ ಚಪ್ಪರದ ಕಡೆ ಹೋಗಿ ನೋಡುತ್ತಾರೆ: ಒದ್ದೆ ಬಟ್ಟೆಯಡಿ ಮುದ್ದೆಯ ಗುಡ್ಡ, ಪಕ್ಕದಲ್ಲಿ ಅರ್ಧ ಕೊಪ್ಪರಿಗೆ ಅನ್ನ, ಕೈಯಿಡದ ಪಾಯಸದ ಪಾತ್ರೆ. ಇಪ್ಪತ್ತು ಜನರದ್ದು ಅದಲ್ಲ, ಇನ್ನೊಂದು ಕಾಲೇಜಿಗೇ ಬಡಿಸಬಹುದಾದಷ್ಟು. ಹಿಂದೆಯೇ ಪ್ರಿನ್ಸಿಪಾಲರು ತಾವೇ ಬಕೆಟ್ ಹಿಡಿದು ಬಂದರು. ಬಕೆಟ್ ನೋಡಿದರು, ಕೊಪ್ಪರಿಗೆ ನೋಡಿದರು.

"ಲೆಕ್ಕ ಹಾಕಿದ್ದು ಯಾರು?"

ಎಲ್ಲರೂ ಮೇಘಶ್ರೀಯನ್ನು ನೋಡಿದರು. ಅವಳು ತಲೆ ತಗ್ಗಿಸಿ ದುಪ್ಪಟ್ಟಾದ ಅಂಚು ಮಡಿಸುತ್ತ ನಿಂತಳು. ಹಾಜರಿಗೆ ಕೈ ಮಾತ್ರ ಎತ್ತುತ್ತಿದ್ದ ಅದೇ ಹುಡುಗಿ. ಮೇಡಂ ಮನಸ್ಸಿನಲ್ಲೇ ತೂಗಿ ನೋಡಿದರು. ಸುಮ್ಮನಿದ್ದರೆ ತಪ್ಪು ಆ ಹುಡುಗಿಯ ತಲೆಗೆ. ಬಾಯಿ ಬಿಟ್ಟರೆ, ಮೇಡಂಗೇ ಆಟ ಬರಲಿಲ್ಲ ಎಂದಾಗಿ ಆಟವೇ ಹೋಗುತ್ತದೆ.

"ಅವಳ ಲೆಕ್ಕ ಸರಿಯಾಗೇ ಇತ್ತು ಸಾರ್. ಬೆಳಿಗ್ಗೆ ಫೋನ್ ಮಾಡಿ ಇಪ್ಪತ್ತು ಜನಕ್ಕೆ ಜಾಸ್ತಿ ಹೇಳಿದ್ದು ನಾನು."

"ಇಪ್ಪತ್ತು ಜನದ್ದು ಇಷ್ಟಾಗುತ್ತಾ?"

ಬಡಿಸುವ ಗುಂಪಿನ ರಜನೀಶ್ ಕೆಮ್ಮಿದ. "ನಾನೂ ಏಳಿದ್ದೆ ಸಾ. ಬಡ್ಸೋರ್ನ ಲೆಕ್ಕಕ್ಕೆ ತಕಂಡಿದ್ದೀವೋ ಇಲ್ವೋ ಅಂತ ಎದ್ರಿಕೆ ಆಯ್ತು."

"ನಾನೂ..." ಎಂದು ಮೇಘಶ್ರೀ ನೆಲ ನೋಡುತ್ತಲೇ ಹೇಳಿದಳು.

ಚಂದ್ರಯ್ಯ ಸೌಟು ಕೆಳಗಿಟ್ಟ. "ಎಲ್ರೂ ಗುಟ್ಟಾಗಿ ಏಳಿ, ಯಾರ್ಗೂ ಏಳ್ಬ್ಯಾಡ ಅಂದ್ರೆ ನಾ ಎಂಗೆ ಬಾಯ್ಬುಡ್ಲಿ? ಸಾಯೇಬ್ರೂ ನೆನ್ನೆ ಫೋನ್ ಮಾಡಿ, ಇರ್ಲಿ, ಇನ್ನೊಂದೈವತ್ತು ಜನಕ್ಕೆ ಆಕು, ಕಾಲೇಜ್ ಮರ್ವಾದೆ ಅಂದ್ರಲ್ಲ."

ಪ್ರಿನ್ಸಿಪಾಲರು ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಮತ್ತೆ ನಿಂದೆಷ್ಟಯ್ಯ?" ಎಂದರು.

"ನಂದೇನ್ ಮಾ ದೊಡ್ಡದು ಸಾ, ನಾಕು ಸೇರು ರಾಗಿ ಇಟ್ಟು. ಚಂದ್ರಯ್ಯನ ಅಡ್ಗೆ ಸಾಲ್ದೆ ಓಯ್ತು ಅನ್ನುಸ್ಕಬಾರ್ದಲ್ವಾ?"

ಮೊದಲು ನಕ್ಕವಳು ಮೇಘಶ್ರೀ. ತಡೆಯಲಾರದೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಆಮೇಲೆ ಕೈ ತೆಗೆದು, "ಸಾರ್, ನಾವು ಕ್ಲಾಸಲ್ಲಿ ಆಡೋದು ಇದ್ನೇ" ಎಂದಳು. ಒಲೆಯ ಪಕ್ಕದಿಂದ ಇದ್ದಿಲ ಚೂರೊಂದು ಎತ್ತಿಕೊಂಡು ಕಲ್ಲುಹಾಸಿನ ಮೇಲೆ ನಾಲ್ಕು ಮನೆ ಬರೆದು, ಯಾರ ಹೆದರಿಕೆ ಯಾರಿಗೆ ಹೇಗೆ ದಾಟಿ ದೊಡ್ಡದಾಯಿತು ಎಂದು ತೋರಿಸಿದಳು. ಪ್ರಿನ್ಸಿಪಾಲರು ಬಕೆಟ್ ಹಿಡಿದೇ ಬಗ್ಗಿ ನೋಡಿದರು. ಮುಗಿದ ಮೇಲೆ ಬಕೆಟ್ ಅಲ್ಲೇ ಇಟ್ಟು ಹೊರಟುಹೋದರು.

ಅನ್ನ ಸಾರು ಹಾಸ್ಟೆಲ್ಲಿಗೆ ಹೋದವು, ಪಾಯಸ ಡಬ್ಬಿಗಳಲ್ಲಿ ಊರೂರಿಗೆ ಹೋಯಿತು. ಮುದ್ದೆ ಸುತ್ತಲಿನ ದನಗಳ ಬಾನಿ ಸೇರಿತು. ಮೇಡಂ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಇನ್ನು ಮೇಲೆ ನೋಟ್ಸು. ಮತ್ತೊಬ್ಬ ಮೇಘಶ್ರೀ ಬಂದರೆ ಅವಳು ಬರೆದುಕೊಂಡು, ಬಾಯಿ ಮುಚ್ಚಿಕೊಂಡು ಪಾಸಾಗಿ ಹೋಗುತ್ತಾಳೆ. ಕಲ್ಲಮ್ಮ ಪಾಯಸ ಕುಡಿದು, "ಸಂದಾಗದೆ ಕಣವ್ವ. ಇನ್ನೊಸಿ ತರಬಾರ್ದಾಗಿತ್ತಾ?" ಎಂದರು. ಮೇಡಂ ಅವರಿಗೆ ಅಂದು ಮೊದಲ ಸಲ ಅತ್ತೆಯ ಮಾತಿಗೆ ನಗು ಬರಲಿಲ್ಲ.

ಸೋಮವಾರ ಪ್ರಿನ್ಸಿಪಾಲರಿಂದ ಕರೆ ಬಂತು.

"ಬಕೆಟ್ ತುಂಬಿ ಹರೀತು ಮೇಡಂ" ಎಂದರು. ಮೇಡಂ ತಲೆ ತಗ್ಗಿಸಿದರು. "ಆದ್ರೆ ಅದನ್ನ ತುಂಬಿಸಿದವರಲ್ಲಿ ನಾನೇ ದೊಡ್ಡವನು. ಆ ಹುಡುಗಿ ಇದ್ದಿಲಲ್ಲಿ ಬರೆದು ತೋರಿಸಿದ್ದು ನನಗೆ ಅರ್ಥವಾಯ್ತು. ನಾನು ಇಪ್ಪತ್ತೆರಡು ವರ್ಷ ನೋಟ್ಸ್ ಬರೆಸಿದ್ದೀನಿ, ಒಬ್ಬನೂ ನನಗೆ ವಾಪಸ್ ಪಾಠ ಹೇಳಿರ್ಲಿಲ್ಲ. ಮುಂದಿನ ವರ್ಷವೂ ಆಡ್ಸಿ. ಎಷ್ಟು ಮಕ್ಕಳಿಗೆ ಜಾಗ?"

ಮೇಡಂ ತಲೆ ಎತ್ತಿದರು. "ನೆಲದ ಮೇಲೆ ಮೂವತ್ತು ಜನ ಹಿಡಿಸ್ತಾರೆ ಸಾರ್."

ಮೂವತ್ತು ಎಂದು ಬರೆದ ಪ್ರಿನ್ಸಿಪಾಲರು ಪೆನ್ನು ಎತ್ತಿ ಯೋಚಿಸಿದರು. "ಇರ್ಲಿ, ಇನ್ನೊಂದು ಹತ್ತು..." ಎಂದವರು ಅಲ್ಲೇ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಿನ್ಸಿಪಾಲರು ಪೆನ್ನಿನ ಟೋಪಿ ಮುಚ್ಚಿದರು.

"ಎಷ್ಟು ಜನ ಸೇರ್ತಾರೆ ಅಂತ ಮಕ್ಕಳನ್ನ ಕೇಳಿದೀರಾ ಮೇಡಂ?"

ಸ್ವರ್ಣಲತಾ ಮೇಡಂ ಕೇಳಿರಲಿಲ್ಲ.